ಆರುನೂರ ಹನ್ನೆರಡು ಮನೆಗಳ ಸಲೋಮಿ

ಸತ್ತವರ ದನಿ ಕೇಳಿಸಿದರೆ ಜನ ಹೆದರುತ್ತಾರೆ ಅನ್ನುತ್ತಾರಲ್ಲ, ಅದು ಅರ್ಧ ಮಾತ್ರ ನಿಜ. ಆ ದನಿ ದಿನಾ ಸಂಜೆ ಏಳಕ್ಕೆ ಸರಿಯಾಗಿ ಬಂದು, ಹೊಟ್ಟೆ ಹೇಗಿದೆ, ರಕ್ತ ಹೋಯಿತೇ, ನೀರು ಎಷ್ಟು ತಂಬಿಗೆ ಕುಡಿದಿರಿ ಎಂದು ವಿಚಾರಿಸತೊಡಗಿದರೆ ಯಾರೂ ಹೆದರುವುದಿಲ್ಲ. ಗಡಿಯಾರ ನೋಡುತ್ತಾ ಕಾಯುತ್ತಾರೆ. ಗದಗಿನ ಸುತ್ತಮುತ್ತ ಆರುನೂರ ಹನ್ನೆರಡು ಮನೆಗಳಲ್ಲಿ ಜನ ಹಾಗೆ ಕಾಯುತ್ತಿದ್ದರು. ಹಾಗೆ ಕಾಯುತ್ತಿದ್ದ ಇನ್ನೊಬ್ಬನೆಂದರೆ ದಾನಿಯೇಲ ಹಂಚಿನಾಳ. ಅವನಿಗೆ ಯಾವ ರೋಗವೂ ಇರಲಿಲ್ಲ. ಆ ದನಿ ಅವನ ಹೆಂಡತಿಯದು.

ಇನ್ನು ಕೆಲವು ವರ್ಷಗಳ ನಂತರದ ಮಾತಿದು. ಹೊಸ ಯಂತ್ರಗಳು ಬಂದಿದ್ದವು, ಹಳೆಯ ಕಾಯಿಲೆಗಳು ಹೋಗಿರಲಿಲ್ಲ. ಕರುಳಿನ ಉರಿಯೂತ ಅಂತಹದೊಂದು ಕಾಯಿಲೆ. ದೊಡ್ಡ ಕರುಳಿನ ಒಳಗೋಡೆ ಕೆಂಪಗೆ ಬಾತು ಹುಣ್ಣಾಗುತ್ತದೆ, ದಿನಕ್ಕೆ ಹತ್ತು ಹದಿನೈದು ಸಲ ಓಡಬೇಕಾಗುತ್ತದೆ, ರಕ್ತ ಬೀಳುತ್ತದೆ. ಹುಣ್ಣು ಕರುಳಿನ ಕೊನೆಯ ಭಾಗದಲ್ಲಿದ್ದರೆ ಬಾಯಿಂದ ನುಂಗಿದ ಗುಳಿಗೆಯಷ್ಟೇ ಸಾಲದು, ಹಿಂದಿನಿಂದ ಹಾಕಿಕೊಳ್ಳುವ ಔಷಧ ನೇರವಾಗಿ ಹುಣ್ಣಿಗೇ ತಾಗುತ್ತದೆ. ಆದರೆ ನಮ್ಮ ಜನ ಗೊತ್ತಲ್ಲ. ಎನಿಮಾ ಬಾಟಲಿಯನ್ನು ಸೀರೆಯ ಮಡಿಕೆಯಲ್ಲಿ ಬಚ್ಚಿಡುತ್ತಾರೆ, ಅರ್ಧ ಹಾಕಿಕೊಂಡು ಅರ್ಧ ಚೆಲ್ಲುತ್ತಾರೆ, ಡಾಕ್ಟರು ಕೇಳಿದರೆ ಎಲ್ಲಾ ಸರಿಯಿದೆ ಅನ್ನುತ್ತಾರೆ.

ಇದಕ್ಕೇ ಗದಗಿನ ಕರುಳು ಆರೈಕೆ ಕೇಂದ್ರದವರು ಒಂದು ಉಪಾಯ ಮಾಡಿದರು. ಔಷಧದಲ್ಲಿ ಚಿಟಿಕೆಯಷ್ಟು ಕಾವಲು ಕಣ ಬೆರೆಸಿದರು. ರವೆಗಿಂತ ಸಣ್ಣ ಕಣಗಳು ಅವು. ಕರುಳಿನ ಗೋಡೆಗೆ ಅಂಟಿಕೊಂಡು ಅಲ್ಲಿನ ಉರಿ ಎಷ್ಟಿದೆ ಎಂದು ಅಳೆದು ಸೊಂಟಕ್ಕೆ ಕಟ್ಟಿದ ಪಟ್ಟಿಗೆ ತಿಳಿಸುತ್ತವೆ, ಎರಡು ದಿನಕ್ಕೆ ಕರಗಿಹೋಗುತ್ತವೆ. ಪಟ್ಟಿ ಕೇಂದ್ರದ ಯಂತ್ರಕ್ಕೆ ತಿಳಿಸುತ್ತದೆ. ಯಂತ್ರ ರೋಗಿಯ ಮನೆಯಲ್ಲಿಟ್ಟ ಅಂಗೈಯಗಲದ ಪೆಟ್ಟಿಗೆಯಿಂದ ಮಾತಾಡುತ್ತದೆ.

ಯಾರಂತೆ ಮಾತಾಡಬೇಕು? ಈ ಪ್ರಶ್ನೆಗೆ ಕೇಂದ್ರದಲ್ಲಿ ಎರಡನೆಯ ಉತ್ತರವೇ ಇರಲಿಲ್ಲ. ಸಲೋಮಿ ಸಿಸ್ಟರ್ ಹನ್ನೊಂದು ವರ್ಷ ಅಲ್ಲಿನ ಫೋನಿಗೆ ಕೂತವಳು. ಅವಳ ಹದಿನೆಂಟು ಸಾವಿರ ಕರೆಗಳು ದಾಖಲಾಗಿದ್ದವು. “ನನ್ನ ದನಿ ತಗೋರಿ, ಅದಕ್ಕೇನ ಬಾಡಿಗಿ ಕೇಳಂಗಿಲ್ಲ” ಎಂದು ನಗುತ್ತಾ ಸಹಿ ಹಾಕಿದ ಐದನೇ ತಿಂಗಳಿಗೆ ಡ್ಯೂಟಿಯಲ್ಲಿದ್ದಾಗಲೇ ತಲೆಯೊಳಗೆ ರಕ್ತನಾಳ ಒಡೆದು ಹೋಗಿಬಿಟ್ಟಳು. ಕೇಂದ್ರದ ತಂತ್ರಜ್ಞನಾಗಿದ್ದ ದಾನಿಯೇಲನೇ ಆ ಕರೆಗಳನ್ನು ಒಂದೊಂದಾಗಿ ಕೇಳಿ, ಆರಿಸಿ, ಯಂತ್ರಕ್ಕೆ ಕಲಿಸಿದ. ಮಾತಷ್ಟೇ ಅಲ್ಲ, ಅವಳು ಯಾವಾಗ ಗದರುತ್ತಿದ್ದಳು, ಯಾವಾಗ ಡಾಕ್ಟರಿಗೆ ತಿಳಿಸುತ್ತಿದ್ದಳು, ಯಾವಾಗ ಇನ್ನೊಂದು ದಿನ ನೋಡೋಣ ಅನ್ನುತ್ತಿದ್ದಳು, ಅದೆಲ್ಲವನ್ನೂ.

ಬೆಟಗೇರಿಯ ಅವನ ಮನೆಗೆ ಸಾವಿಗೆ ಮಾತಾಡಿಸಿ ಹೋಗಲು ಬಂದವರನ್ನು ಅವನು ಹೆಚ್ಚು ಹೊತ್ತು ಕೂರಗೊಡಲಿಲ್ಲ. ಪಾದ್ರಿಗಳು ಮನೆಪ್ರಾರ್ಥನೆಗೆ ದಿನ ಕೇಳಿದರೆ, ಸಂಜೆ ನನಗೆ ಕೆಲಸವಿದೆ ಅಂದ. ಕೆಲಸವೇನು ಮಣ್ಣು! ಏಳಕ್ಕೆ ಕಂಟ್ರೋಲ್ ರೂಮಿನಲ್ಲಿ ಕೂತು, ಪರೀಕ್ಷೆಯ ನೆಪದಲ್ಲಿ ಒಂದಾದ ಮೇಲೊಂದು ಮನೆಯ ಮಾತು ಕೇಳುವುದು. ಎರಡು ವರ್ಷ ಹೀಗೇ ಹೋಯಿತು. ಈ ಎರಡು ವರ್ಷದಲ್ಲಿ ನನ್ನ ಹೆಂಡತಿ ಸತ್ತಿದ್ದಾಳೆ ಎಂಬ ಮಾತನ್ನು ಅವನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

ಆ ಬುಧವಾರ ಅವನು ಆರಿಸಿಕೊಂಡದ್ದು ಹುಲಕೋಟಿಯ ಮನೆ. ಕಸ್ತೂರಿ ಮಡಿವಾಳರ, ಗದಗ–ಹುಬ್ಬಳ್ಳಿ ಬಸ್ಸಿನ ಕಂಡಕ್ಟರ್, ಮೂವತ್ತೊಂದು ವಯಸ್ಸು. ಔಷಧ ಶುರುವಾಗಿ ಹತ್ತೊಂಬತ್ತು ದಿನ.

“ಬಂದ್ಯಾ ತಂಗಿ? ನಾಚಿಕಿ ಚಪ್ಪಲಿ ಜೋಡಿ ಹೊರಗ ಬಿಟ್ಟೀಯಿಲ್ಲೊ?” ಎಂದಿತು ಪೆಟ್ಟಿಗೆ. “ಸಂಡಾಸಕ್ಕ ಹೋಗಿ ಹೊಟ್ಟಿ ಖಾಲಿ ಮಾಡ್ಕೊಂಡಿ?”

“ಮಾಡ್ಕೊಂಡೇನ್ರಿ ಅಕ್ಕಾರ. ಇವತ್ತ ಅದೊಂದ ಕೆಲಸ ಆತು ನೋಡ್ರಿ. ಹದಿನೆಂಟ ಸಲ.”

“ಬಾಟ್ಲಿ ಛಲೋತ್ನಂಗ ಅಲಗಾಡ್ಸು. ಹಾಸಿಗಿ ಮ್ಯಾಲ ಹಳೇ ಅರಬಿ ಹಾಕು, ಕಲಿ ಬಿದ್ರ ಹೋಗಂಗಿಲ್ಲ. ಎಡಮಗ್ಗಲಕ್ಕ ಮಲಕ್ಕೊ. ಎಡಗಾಲ ಉದ್ದಕ್ಕ, ಬಲಗಾಲ ಮಡಚಿ ಎದಿ ಕಡೆ. ತುದಿಗೆ ಜೆಲ್ಲಿ ಹಚ್ಚಿ, ಹೊಕ್ಕಳದ ದಿಕ್ಕಿಗೆ, ಸಾವಕಾಶ. ಅಡ್ಡ ಬಂದ್ರ ನೂಕಬ್ಯಾಡ. ಹಾಕಿದ ಮ್ಯಾಲ ಅರ್ಧ ತಾಸು ಏಳಬ್ಯಾಡ, ಆದ್ರ ರಾತ್ರಿಯೆಲ್ಲಾ ಹಿಡಕೊ.”

ದಾನಿಯೇಲ ಕಣ್ಣು ಮುಚ್ಚಿ ಕೇಳುತ್ತಿದ್ದ. ‘ಸಾವಕಾಶ’ ಎನ್ನುವಾಗ ಅವಳು ಆ ‘ವ’ವನ್ನು ಎಳೆಯುತ್ತಿದ್ದ ರೀತಿ! ಪದ್ಮಾಸನ ಹಾಕಿ ಕೂತವರಂತೆ ಅವನ ಮೈಯೆಲ್ಲಾ ಶಾಂತವಾಗುತ್ತಿತ್ತು.

“ಅಕ್ಕಾರ,” ಎಂದಳು ಕಸ್ತೂರಿ. “ಮೊದಲಿಗಿಂತ ಹೆಚ್ಚಾಗೇತ್ರಿ. ಹೊಟ್ಟಿ ಹಿಂಡತೈತಿ. ಇವತ್ತ ಅಣ್ಣಿಗೇರಿ ದಾಟಿದ ಮ್ಯಾಲ ಬಸ್ಸ ನಿಲ್ಲಿಸಿ ಜಾಲಿ ಕಂಟಿ ಹಿಂದ ಓಡೇನಿ. ಮಂದಿ ಕಿಡಕ್ಯಾಗ ನಿಂತು ನಕ್ಕರು. ಮೈ ಬಿಸಿ ಬ್ಯಾರೆ ಆಗೇತಿ. ಬಾಟ್ಲಿ ಡಬ್ಬ್ಯಾಗಿನ ಚೀಟಿ ಓದಿದೆ. ಹೊಟ್ಟಿನೋವು, ಜ್ವರ, ರಕ್ತ ಹೆಚ್ಚಾದ್ರ ನಿಲ್ಲಿಸಿ ಡಾಕ್ಟರ್ನ ಕೇಳ್ರಿ ಅಂತ ಬರದಾರ. ನಿಲ್ಲಿಸ್ಲೇನ್ರಿ?”

“ಬಿಡಬ್ಯಾಡ ತಂಗಿ,” ಎಂದಿತು ಸಲೋಮಿಯ ದನಿ, ಬೆಣ್ಣೆಯಷ್ಟು ಮೆತ್ತಗೆ. “ಮಂದಿ ಔಷಧ ಅರ್ಧಕ್ಕ ಬಿಡತಾರ. ಅದಕ್ಕ ರೋಗ ತಿರುಗಿ ಏಳತೈತಿ. ನಿನ್ನ ಉರಿ ಏರೇತಿ, ನಂಗ ಕಾಣಾಕತ್ತೇತಿ. ನಾಳಿಂದ ಮುಂಜಾನಿ ಒಂದ, ಸಂಜಿ ಒಂದ ಹಾಕ್ಕೊ. ಡಾಕ್ಟರಿಗೆ ಹೇಳತೀನಿ.”

ಡಾಕ್ಟರೆಂದರೆ ಕೇಂದ್ರದ ಮುಖ್ಯಸ್ಥೆ ಮೇಘರಾಣಿ ಸಂಕನಗೌಡರ. ಯಂತ್ರ ದಿನಕ್ಕೆ ನಲವತ್ತು ಸಲಹೆ ಕಳಿಸುತ್ತದೆ, ಎರಡು ವರ್ಷದಲ್ಲಿ ಒಂದೂ ತಪ್ಪಿರಲಿಲ್ಲ. ಅವರು ಒಪ್ಪಿಗೆ ಒತ್ತಿದರು.

ದಾನಿಯೇಲ ಸುಮ್ಮನೆ ಕಸ್ತೂರಿಯ ಉರಿಯ ಗೆರೆಯನ್ನು ಪರದೆಯ ಮೇಲೆ ತೆರೆದ. ಅವನು ಡಾಕ್ಟರಲ್ಲ, ಆದರೆ ಆರುನೂರು ಜನರ ಗೆರೆ ನೋಡಿ ನೋಡಿ ಕಣ್ಣು ಪಳಗಿತ್ತು. ಎಲ್ಲರ ಗೆರೆಯೂ ಔಷಧ ಹಾಕಿಕೊಂಡ ಮೇಲೆ ಇಳಿಯುತ್ತದೆ, ಮಾರನೆಯ ಸಂಜೆಯ ಹೊತ್ತಿಗೆ ಸ್ವಲ್ಪ ಏರುತ್ತದೆ. ಈ ಹುಡುಗಿಯದು ತಿರುಗುಮುರುಗು. ಏಳಕ್ಕೆ ಔಷಧ, ಒಂಬತ್ತಕ್ಕೆ ದಿಬ್ಬ. ಮಾರನೆಯ ದಿನವೂ ಏಳಕ್ಕೆ ಔಷಧ, ಒಂಬತ್ತಕ್ಕೆ ಇನ್ನೂ ದೊಡ್ಡ ದಿಬ್ಬ. ಹತ್ತನೇ ದಿನದಿಂದ ತಪ್ಪದೆ ಹೀಗೇ.

ಔಷಧವೇ ಇವಳಿಗೆ ಆಗಿಬರುತ್ತಿಲ್ಲ! ನೂರರಲ್ಲಿ ಕೆಲವರಿಗೆ ಹೀಗಾಗುತ್ತದೆ, ಉರಿ ಇಳಿಸಬೇಕಾದ ಮದ್ದೇ ಉರಿ ಎಬ್ಬಿಸುತ್ತದೆ, ನೋಡುವವರಿಗೆ ರೋಗ ಉಲ್ಬಣಿಸಿದಂತೆಯೇ ಕಾಣುತ್ತದೆ. ಮೊದಲ ದಿನ ಯಂತ್ರ ಕೇಳಬೇಕಾದದ್ದನ್ನೆಲ್ಲಾ ಕೇಳಿತ್ತು. ನೋವಿನ ಗುಳಿಗೆಗೆ ಮೈಮೇಲೆ ದದ್ದು ಏಳುತ್ತದೆಯೇ, ಸಲ್ಫಾ ಔಷಧ ಆಗುತ್ತದೆಯೇ, ಮೂತ್ರಪಿಂಡದ ತೊಂದರೆ ಇದೆಯೇ. ರಕ್ತಪರೀಕ್ಷೆಯೂ ಆಗಿತ್ತು, ಎಲ್ಲವೂ ಸರಿಯಿತ್ತು. ಕೆಲವು ಸಂಗತಿಗಳು ಹಾಕಿಕೊಂಡ ಮೇಲೆಯೇ ಗೊತ್ತಾಗುವುದು.

ಆ ಕ್ಷಣವೇ ಅವನು ಎದ್ದು ಮೇಘರಾಣಿಯವರ ಬಾಗಿಲು ತಟ್ಟಬೇಕಿತ್ತು. ಎದ್ದ ಕೂಡ. ಆಮೇಲೆ ಕೂತ. ಕೇಂದ್ರದ ನಿಯಮ ಅವನಿಗೆ ಬಾಯಿಪಾಠ: ಒಂದು ಮನೆಯಲ್ಲಿ ದನಿ ತಪ್ಪು ಹೇಳಿದ್ದು ಗೊತ್ತಾದರೆ ಆ ಗಂಟೆಯೇ ಎಲ್ಲ ಮನೆಗಳಲ್ಲೂ ದನಿ ನಿಲ್ಲಬೇಕು. ಸಲೋಮಿ ಮತ್ತೊಮ್ಮೆ ಸಾಯಬೇಕು. ನನ್ನ ಕಣ್ಣಿಗೆ ತಪ್ಪು ಕಂಡಿರಬಹುದು, ನಾಳೆ ನೋಡೋಣ ಅಂದುಕೊಂಡು ಅವನು ಮನೆಗೆ ಹೋದ. ಇಂಥ ಹೇಡಿತನಕ್ಕೆ ನಾವೆಲ್ಲಾ ಒಳ್ಳೊಳ್ಳೆಯ ಹೆಸರಿಡುತ್ತೇವೆ. ಅವನು ಅದಕ್ಕೆ ತಾಳ್ಮೆ ಎಂದು ಹೆಸರಿಟ್ಟ.

ಗುರುವಾರ ಎರಡು ದಿಬ್ಬ. ಶುಕ್ರವಾರ ಮುಂಜಾನೆಯದು ಪರದೆಯ ಅಂಚನ್ನೇ ಮುಟ್ಟಿತು. ಕಸ್ತೂರಿ ಕೆಲಸಕ್ಕೆ ಹೋಗಿರಲಿಲ್ಲ.

ಯಂತ್ರಕ್ಕೆ ಇಷ್ಟು ಸಣ್ಣ ಸಂಗತಿ ಯಾಕೆ ತಿಳಿಯಲಿಲ್ಲ? ಜೀವಂತ ಸಲೋಮಿಗೆ ಖಂಡಿತ ತಿಳಿಯುತ್ತಿತ್ತು. ಹಾಗಾದರೆ ಅವಳ ಬುದ್ಧಿಯಲ್ಲಿ ಯಾವ ತುಂಡು ಯಂತ್ರಕ್ಕೆ ಹೋಗಲಿಲ್ಲ? ಶುಕ್ರವಾರ ಮಧ್ಯಾಹ್ನ ಊಟಕ್ಕೂ ಏಳದೆ ಯೋಚಿಸುತ್ತಿದ್ದ ದಾನಿಯೇಲನಿಗೆ ತಾನೇ ಬೇರೆ ತೆಗೆದಿಟ್ಟ ಒಂದು ಕಟ್ಟು ನೆನಪಾಯಿತು.

ನೂರ ನಲವತ್ತಮೂರು ಕರೆಗಳು. ಎಲ್ಲದರ ಕೊನೆಗೂ ಸಲೋಮಿ ಒಂದೇ ಮಾತು ಹೇಳುತ್ತಿದ್ದಳು: “ನಾ ಬರ್ತೀನಿ.” ಪೆಟ್ಟಿಗೆ ಯಾರ ಮನೆಗೂ ನಡೆದು ಹೋಗಲಾರದು, ಆಗದ ಮಾತು ಕೊಡಬಾರದು ಎಂದು ಕಾರಣ ಬರೆದು ಅವನು ಅವನ್ನೆಲ್ಲಾ ಕಿತ್ತಿದ್ದ. ಆ ಕಾರಣ ಕಾಗದದ ಮೇಲಿನದು. ನಿಜವಾಗಿ ಅವಳು ನಾ ಬರ್ತೀನಿ ಅನ್ನುವುದನ್ನು ಕೇಳಲು ಅವನ ಕೈಲಾಗಿರಲಿಲ್ಲ. ಒಂದೆರಡರ ಕೊನೆಯ ಮಾತು ಕೇಳಿದವನೇ ಆ ಮಾತಿರುವ ಕರೆಗಳನ್ನೆಲ್ಲಾ ಯಂತ್ರದಿಂದ ಹುಡುಕಿಸಿ, ಕೇಳದೆಯೇ ಬದಿಗೆ ಹಾಕಿದ್ದ.

ಈಗ ಕೇಳಿದ. ಮೊದಲನೆಯದು, ಔಷಧ ಶುರುವಾದ ಮೇಲೆ ಮೈತುಂಬ ದದ್ದು ಎದ್ದವನು. ಎರಡನೆಯದು, ಮೂತ್ರ ಕಡಿಮೆಯಾಗಿ ಕಾಲು ಬಾತವಳು. ಮೂರನೆಯದು, ನರಗುಂದದ ಒಬ್ಬ ಹೆಂಗಸು: ಔಷಧ ಹಾಕಿಕೊಂಡ ಎರಡು ತಾಸಿಗೆ ಹೊಟ್ಟೆ ಹಿಂಡುತ್ತದೆ, ಜ್ವರ ಬರುತ್ತದೆ.

“ಔಷಧ ಹಾಕ್ಕೊಂಡ ಮ್ಯಾಲ ಹೆಚ್ಚೊ, ಹಾಕ್ಕೊಳ್ಳೂಕಿಂತ ಮೊದಲ ಹೆಚ್ಚೊ?” ಎಂದು ಸಲೋಮಿ ಕೇಳುತ್ತಿದ್ದಳು.

“ಹಾಕ್ಕೊಂಡ ಮ್ಯಾಲರೀ.”

“ಬಾಟ್ಲಿ ಎಲ್ಲೈತೊ ಅಲ್ಲೇ ಇರ್ಲಿ. ನಾ ಬರ್ತೀನಿ.”

“ಫೋನಿನ್ಯಾಗ ಹೇಳಬಾರದೇನ್ರಿ ಸಿಸ್ಟರ್? ಇಷ್ಟ ದೂರ ಯಾಕ ಬರ್ತೀರಿ?”

“ಫೋನಿನ್ಯಾಗ ನಿಲ್ಲಿಸ್ರಿ ಅಂದ್ರ ಮಂದಿ ಎಲ್ಲಾ ನಿಲ್ಲಿಸಿಬಿಡತಾರವ್ವಾ. ಮುಂಡರಗ್ಯಾಗ ಒಬ್ಬಾಂವಗ ಎನಿಮಾ ನಿಲ್ಲಿಸು ಅಂದೆ. ಆಂವ ಸ್ಟಿರಾಯ್ಡ್ ಗುಳಿಗೀನೂ ಒಮ್ಮಿಗೇ ನಿಲ್ಲಿಸಿದ. ನಾಕ ದಿನಕ್ಕ ಹ್ವಾದ. ಅವತ್ತಿಂದ ಆ ಮಾತ ಎದರಾ ಎದರ ಕುಂತ ಹೇಳತೀನಿ. ಯಾವದ ನಿಲ್ಲಿಸಬೇಕು, ಯಾವದ ನಿಲ್ಲಿಸಬಾರದು ಅಂತ ಕೈಲೆ ಬರದ ಕೊಡತೀನಿ. ಚಾಕ್ಕ ಇಡು, ಮೂರರ ಬಸ್ಸಿಗೆ ಬಂದೆ.”

ದಾನಿಯೇಲ ಕಿವಿಯಿಂದ ಇಯರ್‌ಫೋನ್ ಕಿತ್ತಿಟ್ಟ. ಅವಳು ಔಷಧ ನಿಲ್ಲಿಸಲು ಹೇಳಿದ ಪ್ರತಿಯೊಂದು ಸಲವೂ ಆ ಕಟ್ಟಿನಲ್ಲಿತ್ತು. ಆ ಕಟ್ಟನ್ನು ಕಿತ್ತವನು ಅವನು. ಉಳಿದ ಸಾವಿರಾರು ಕರೆಗಳಲ್ಲಿ ಅವಳು ಹೇಳಿದ್ದು ಬಿಡಬೇಡ, ಬಿಡಬೇಡ ಎಂದಷ್ಟೇ. ಅಷ್ಟನ್ನೇ ಕಲಿತ ಯಂತ್ರ ಈಗ ಹುಲಕೋಟಿಯಲ್ಲಿ ಒಬ್ಬ ಹೆಂಗಸನ್ನು ಸಲೋಮಿಯದೇ ದನಿಯಲ್ಲಿ ಕೊಲ್ಲುತ್ತಿತ್ತು.

ಇಷ್ಟು ಗೊತ್ತಾದ ಮೇಲೂ ಅವನು ಮೇಘರಾಣಿಯವರ ಬಾಗಿಲು ತಟ್ಟಲಿಲ್ಲ ಎಂದರೆ ನೀವು ಬಯ್ಯುತ್ತೀರಿ. ಬಯ್ಯಿರಿ. ಅವನು ಲೆಕ್ಕ ಹಾಕಿದ್ದು ಹೀಗೆ: ನಾನೇ ಹುಲಕೋಟಿಗೆ ಹೋಗಿ ಆ ಹುಡುಗಿಯ ಔಷಧ ನಿಲ್ಲಿಸಿ ಆಸ್ಪತ್ರೆಗೆ ಸೇರಿಸುತ್ತೇನೆ. ಬಂದು ಆ ಕಟ್ಟನ್ನು ಸದ್ದಿಲ್ಲದೆ ಯಂತ್ರಕ್ಕೆ ಸೇರಿಸುತ್ತೇನೆ. ಹುಡುಗಿಯೂ ಉಳಿಯುತ್ತಾಳೆ, ಸಲೋಮಿಯೂ ಉಳಿಯುತ್ತಾಳೆ.

ಅವನು ಹುಲಕೋಟಿಯ ಆ ಮನೆಯ ಅಂಗಳದಲ್ಲಿ ಸ್ಕೂಟರ್ ನಿಲ್ಲಿಸಿದಾಗ ಆರೂವರೆ. ಕಸ್ತೂರಿಯ ಅತ್ತೆ ಗುರವ್ವ ಬಾಗಿಲಲ್ಲೇ ಕೂತಿದ್ದಳು. “ದವಾಖಾನಿಯವರೇನ್ರಿ? ಬರ್ರಿ ಯಪ್ಪಾ, ಬರ್ರಿ. ಮುಂಜಾನಿಂದ ಹನಿ ನೀರ ನಿಂತಿಲ್ಲ ಹೊಟ್ಟ್ಯಾಗ. ಮಗಾ ಲಾರಿ ತಗೊಂಡ ಪುಣೇಕ್ಕ ಹೋಗ್ಯಾನ. ನನ್ನ ಮಾತ ಕೇಳವಲ್ಲಳು. ದವಾಖಾನಿಗೆ ಹೋಗೂಣು ಬಾ ಅಂದ್ರ, ಅಕ್ಕಾರ ಹೇಳಿಲ್ಲ ಅಂತಾಳ.”

ಕಸ್ತೂರಿ ಒಳಗೆ ಹಳೆಯ ಸೀರೆ ಹಾಸಿದ ಹಾಸಿಗೆಯ ಮೇಲೆ ಮುದುಡಿ ಮಲಗಿದ್ದಳು. ಹೊಟ್ಟೆ ಊದಿ ಬಿಗಿದಿತ್ತು, ತುಟಿ ಬಿಳಚಿತ್ತು. ತಲೆಯ ಹತ್ತಿರ ಪೆಟ್ಟಿಗೆ, ಅದರ ಪಕ್ಕ ಅಲುಗಾಡಿಸಿ ಸಿದ್ಧವಾಗಿಟ್ಟ ಬಾಟಲಿ.

“ತಂಗಿ, ನಾ ಕೇಂದ್ರದಿಂದ ಬಂದೇನಿ. ಈ ಔಷಧ ನಿನಗ ಆಗಿಬರವಲ್ಲದು. ಇದನ್ನ ಹಾಕ್ಕೋಬ್ಯಾಡ. ಈಗಿಂದೀಗ ಆಸ್ಪತ್ರಿಗೆ ಹೋಗೂಣು.”

ಅವಳು ಕಣ್ಣು ತೆರೆದು ಅವನನ್ನು ಮೇಲಿಂದ ಕೆಳಗೆ ನೋಡಿದಳು. ಟಿಕೆಟ್ ಇಲ್ಲದವನನ್ನು ಕಂಡಕ್ಟರ್ ನೋಡುವ ನೋಟ. “ನೀವ ಡಾಕ್ಟರೇನ್ರಿ?”

“ಅಲ್ಲ. ಯಂತ್ರ ನೋಡಕೊಳ್ಳಾಂವ.”

“ಹಂಗಾದ್ರ ಯಂತ್ರ ನೋಡ್ಕೋರಿ. ಅಕ್ಕಾರ ಬಿಡಬ್ಯಾಡ ಅಂದಾರ.” ಮಾತಾಡಲೂ ಉಸಿರು ಸಾಲದೆ ಅವಳು ನಿಂತಳು. “ಮೂರ ವರ್ಷ ಈ ಸುದ್ದಿ ಯಾರ ಮುಂದೂ ಹೇಳಿಲ್ಲರೀ ನಾ. ಗಂಡನ ಮುಂದೂ ಹೇಳಿಲ್ಲ. ಅವರೊಬ್ಬರ ಮುಂದ ಹೇಳೇನಿ. ಅವರ ಮಾತ ಬಿಟ್ಟು ನಿಮ್ಮ ಮಾತ ಯಾಕ ಕೇಳ್ಲಿ?”

ಏಳು ಹೊಡೆಯಿತು. ಪೆಟ್ಟಿಗೆಯ ಹಸಿರು ದೀಪ ಹತ್ತಿತು.

“ಬಂದ್ಯಾ ತಂಗಿ?”

ದಾನಿಯೇಲ ಪೆಟ್ಟಿಗೆಯ ಕಡೆ ತಿರುಗಿದ. ಕಂಟ್ರೋಲ್ ರೂಮಿನಲ್ಲಿ ಕೇಳುವುದೇ ಬೇರೆ. ಇಲ್ಲಿ, ಒಂದು ಮನೆಯೊಳಗೆ, ಸಂಜೆಯ ಬೆಳಕಿನಲ್ಲಿ, ಮೂರು ಅಡಿ ದೂರದಿಂದ ಅವಳು ಮಾತಾಡುತ್ತಿದ್ದಳು. ಅವನು ಮೊಣಕಾಲೂರಿ ಪೆಟ್ಟಿಗೆಯ ಮುಂದೆ ಕೂತ.

“ಸಲೋಮಿ,” ಎಂದ. “ಸಲೋಮಿ, ನಾ ದಾನಿ. ನಿಲ್ಲಿಸಾಕ ಹೇಳು ಈಕಿಗೆ. ನೀ ಹೇಳಿದ್ರ ಕೇಳತಾಳ. ಒಂದ ಸಲ ಹೇಳು.”

ಪೆಟ್ಟಿಗೆಯ ಹಸಿರು ದೀಪ ಮಿಣುಕಿತು.

“ಯಾರ್ರೀ ಅದು? ರೋಗಿ ಕೂಡ ಮಾತಾಡಾಕತ್ತೀನಿ, ನೀವ ಸ್ವಲ್ಪ ಹೊರಗ ಕೂಡ್ರಿ. ಗಂಡಸರ ಮುಂದ ಆಕಿಗೆ ನಾಚಿಕಿ ಆಗತೈತಿ.”

“ನಾ ದಾನಿ, ಸಲೋಮಿ. ದಾನಿಯೇಲ.”

“ದಾನಿಯೇಲ ಅಂತ ನಮ್ಮ ಪಟ್ಟಿಯೊಳಗ ಯಾರೂ ಇಲ್ಲರೀ.”

ಹೌದು, ಎಲ್ಲಿರಬೇಕು? ಹನ್ನೊಂದು ವರ್ಷದಲ್ಲಿ ಅವಳು ಆ ಫೋನಿನಿಂದ ಗಂಡನಿಗೆ ಒಮ್ಮೆಯೂ ಕರೆ ಮಾಡಿರಲಿಲ್ಲ. ರೋಗಿಗಳ ಫೋನು ಅದು, ಮನೆಯ ಮಾತಿಗಲ್ಲ ಅನ್ನುತ್ತಿದ್ದಳು. ಅವನು ಎರಡು ವರ್ಷ ಸಂಜೆ ಸಂಜೆ ಕೂತು ಕೇಳಿದ ಆ ಹೆಂಡತಿಗೆ ಅವನು ಯಾರೆಂದು ಗೊತ್ತೇ ಇರಲಿಲ್ಲ. ಅವನಿಗೆ ಯಾರೋ ಕೆನ್ನೆಗೆ ಹೊಡೆದಂತಾಯಿತು, ಅವಮಾನವೂ ಆಯಿತು, ದುಃಖವೂ ಆಯಿತು. ಅವನು ಕಸ್ತೂರಿಯ ಕಡೆ ತಿರುಗಿದ.

“ತಂಗಿ, ಇದು ಆಕಿ ಅಲ್ಲ. ಆಕಿ ನನ್ನ ಹೆಣ್ತಿ. ಆಕಿ... ಆಕಿ ಸತ್ತು ಎರಡ ವರ್ಷ ಆತು. ನೀ ಸಹಿ ಮಾಡಿದ ಕಾಗದದಾಗ ಬರದೇತಿ.”

“ಸುಳ್ಳ ಹೇಳಬ್ಯಾಡ್ರಿ!” ಕಸ್ತೂರಿ ಎದ್ದು ಕೂರಲು ಹೋಗಿ ನೋವಿಗೆ ಚೀರಿ ಬಿದ್ದಳು. “ನಿನ್ನಿ ನನ್ನ ಕೂಡ ಮಾತಾಡ್ಯಾರ. ನನ್ನ ಮಗಳ ಹೆಸರ ಕೇಳ್ಯಾರ.”

“ಹಂಗಾದ್ರ ಆಕಿನ್ನ ಮನಿಗೆ ಕರಿ,” ಎಂದ ದಾನಿಯೇಲ. “ನನ್ನ ಸಲೋಮಿ ಜೀವಂತ ಇದ್ದಿದ್ರ, ನಿನ್ನ ದನಿ ಇಷ್ಟ ಕೇಳಿದ ಕೂಡ್ಲೆ ಚೀಲ ಹೆಗಲಿಗೆ ಹಾಕ್ಕೊಂಡು ಬಸ್‌ಸ್ಟ್ಯಾಂಡಿಗೆ ಓಡತಿದ್ಲು. ಕರಿ ನೀ. ಬರ್ತೀನಿ ಅಂದ್ರ ನಾ ಬಾಯಿ ಮುಚ್ಚತೀನಿ.”

ಕಸ್ತೂರಿ ಪೆಟ್ಟಿಗೆಯ ಕಡೆ ಮುಖ ತಿರುಗಿಸಿದಳು. “ಅಕ್ಕಾರ, ಭಾಳ ತ್ರಾಸ ಆಗಾಕತ್ತೇತ್ರಿ. ನೀವ ಒಮ್ಮಿ ಬಂದ ನೋಡ್ರಿ.”

“ಬಿಡಬ್ಯಾಡ ತಂಗಿ. ಎಡಮಗ್ಗಲಕ್ಕ ಮಲಕ್ಕೊ.”

“ಅಕ್ಕಾರ, ನಮ್ಮ ಮನಿಗೆ ಬರ್ರಿ.”

“ಬಾಟ್ಲಿ ಅಲಗಾಡಿಸಿದಿ?”

“ಅಕ್ಕಾರ!” ಅವಳು ಅಳುತ್ತಿದ್ದಳು. “ನಾ ಸಾಯಾಕತ್ತೇನ್ರಿ. ಬರ್ತೀನಿ ಅನ್ರಿ. ಬರದಿದ್ರೂ ಅಡ್ಡಿಯಿಲ್ಲ, ಬರ್ತೀನಿ ಅಂತ ಬಾಯಿಲೆರ ಅನ್ರಿ!”

“ಸಾವಕಾಶ ತಂಗಿ,” ಎಂದಿತು ಆ ದನಿ, ಅದೇ ಪ್ರೀತಿಯಿಂದ, ಅದೇ ‘ವ’ವನ್ನು ಎಳೆದು. “ತುದಿಗೆ ಜೆಲ್ಲಿ ಹಚ್ಚಿ, ಹೊಕ್ಕಳದ ದಿಕ್ಕಿಗೆ.”

ಬಾಗಿಲಲ್ಲಿ ನಿಂತಿದ್ದ ಗುರವ್ವ ಸೆರಗು ಬಾಯಿಗೆ ಒತ್ತಿಕೊಂಡಳು. ಕಸ್ತೂರಿ ಬಹಳ ಹೊತ್ತು ಪೆಟ್ಟಿಗೆಯನ್ನು ನೋಡಿದಳು. ಆಮೇಲೆ ಕೈಚಾಚಿ ಆ ಬಾಟಲಿಯನ್ನು ದಾನಿಯೇಲನ ಕೈಗೆ ಕೊಟ್ಟಳು.

ಅವನು ಪೆಟ್ಟಿಗೆಯ ವೈರು ಕಿತ್ತ. ಆಂಬುಲೆನ್ಸಿಗೆ ಫೋನ್ ಮಾಡಿದ. ಎರಡನೆಯ ಫೋನನ್ನು ಮಾಡಲು ಅವನಿಗೆ ಯಾರೂ ಹೇಳಲಿಲ್ಲ. ಕಸ್ತೂರಿ ಈಗ ಔಷಧ ನಿಲ್ಲಿಸಿದ್ದಳು, ಅವನ ಉಪಾಯ ಇನ್ನೂ ನಡೆಯುತ್ತಿತ್ತು, ಬಾಯಿ ಮುಚ್ಚಿಕೊಂಡಿದ್ದರೆ ಸಲೋಮಿ ನಾಳೆಯೂ ಏಳಕ್ಕೆ ಮಾತಾಡುತ್ತಿದ್ದಳು. ಆದರೆ ಉಳಿದ ಆರುನೂರ ಹನ್ನೊಂದು ಮನೆಗಳಲ್ಲಿ ಯಾವುದೋ ಒಂದರಲ್ಲಿ ಇವತ್ತೇ ಇನ್ಯಾರೋ ಬಾ ಎಂದು ಕರೆಯುತ್ತಿರಬಹುದು.

“ಮೇಡಮ್, ದನಿ ನಿಲ್ಲಿಸ್ರಿ. ಎಲ್ಲಾ ಮನ್ಯಾಗೂ. ತಪ್ಪು ನಂದು,” ಎಂದು ಮೇಘರಾಣಿಯವರಿಗೆ ಹೇಳಿ, ಆ ಕಟ್ಟಿನ ಕಥೆಯನ್ನೂ ಬುಧವಾರದ ತನ್ನ ಹೇಡಿತನವನ್ನೂ ಒಂದೂ ಬಿಡದೆ ಹೇಳಿದ. “ದಿನದ ನಲವತ್ತ ಸಲಹೆಯೊಳಗ ಇದಕ್ಕೂ ನಾ ಕಣ್ಣ ಮುಚ್ಚಿ ಒಪ್ಪಿಗಿ ಒತ್ತಿದೆ, ದಾನಿಯೇಲ,” ಎಂದರು ಅವರು. ಏಳೂ ನಲವತ್ತಕ್ಕೆ ಎಲ್ಲ ಮನೆಗಳ ಹಸಿರು ದೀಪ ಆರಿದವು.

ಕಸ್ತೂರಿಯ ಕರುಳು ಗಾಳಿ ತುಂಬಿದ ಬಲೂನಿನಂತೆ ಹಿಗ್ಗಿತ್ತು. ಶಸ್ತ್ರಕ್ರಿಯೆಯ ಡಾಕ್ಟರು ಒಂದು ದಿನವೆಲ್ಲಾ ಚಾಕು ಹಿಡಿದೇ ಕಾದರು, ಇನ್ನೊಂದು ಬಾಟಲಿ ಹಾಕಿಕೊಂಡಿದ್ದರೆ ಒಡೆಯುತ್ತಿತ್ತು ಎಂದರು. ಔಷಧ ನಿಂತು, ನೀರು ಏರಿ, ಬೇರೆ ಚುಚ್ಚುಮದ್ದು ಬಿದ್ದ ಮೇಲೆ ಉರಿ ಇಳಿಯಿತು. ಹೊಟ್ಟೆ ಕೊಯ್ಯುವ ಪ್ರಸಂಗ ಬರಲಿಲ್ಲ.

ಶನಿವಾರ ಇಡೀ ದಿನ ಕೇಂದ್ರದ ನರ್ಸುಗಳೆಲ್ಲಾ ಮನೆಮನೆಗೆ ಫೋನ್ ಮಾಡಿ ಪ್ರತಿಯೊಬ್ಬರನ್ನೂ ವಿಚಾರಿಸಿ ಅವರ ಗೆರೆ ನೋಡಿದರು. ಇನ್ನೂ ಇಬ್ಬರ ಔಷಧ ನಿಲ್ಲಿಸಬೇಕಾಯಿತು. ಅವರಿಬ್ಬರ ಮನೆಗೂ ನರ್ಸುಗಳೇ ಹೋಗಿ ಬಂದರು. ಸಿಸ್ಟರ್ ಎಲ್ಲಿ ಎಂದು ಕೇಳಿದವರಿಗೆ ಉತ್ತರ ಹೇಳುವ ಕೆಲಸವನ್ನು ದಾನಿಯೇಲ ತಾನೇ ತೆಗೆದುಕೊಂಡ. “ತೀರಿಕೊಂಡಾಳ್ರಿ. ನಾ ಆಕಿ ಗಂಡ.” ನೂರು ಸಲ, ಇನ್ನೂರು ಸಲ. ಬಾಯಿ ಒಣಗಿತು, ಕಣ್ಣೂ ಒಣಗಿಯೇ ಇತ್ತು. ಕೆಲವರು ಫೋನ್ ಇಟ್ಟುಬಿಟ್ಟರು. ಒಬ್ಬ ಮುದುಕಿ ಬಾಯಿಗೆ ಬಂದಂತೆ ಬೈದಳು.

ಭಾನುವಾರ ಮುಂಜಾನೆ ಹತ್ತಕ್ಕೆ ಬೆಟಗೇರಿಯ ಅವನ ಮನೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಧೋತರ ಉಟ್ಟ ಹಿರಿಯರೊಬ್ಬರು, ಕೈಯಲ್ಲಿ ಬುತ್ತಿಯ ಡಬ್ಬಿ, ಮುಖದಲ್ಲಿ ಬೆವರು.

“ಸಲೋಮಿ ಸಿಸ್ಟರ್ ಮನಿ ಇದ ಏನ್ರಿ? ನಾ ರೋಣದ ಮಾಸ್ತರ. ಮೊದಲ ಸಂಡಾಸ ಎಲ್ಲೈತಿ ತೋರಸ್ರಿ. ಆಮ್ಯಾಲ ಅಳತೀನಿ.”

ದಾನಿಯೇಲ ತೋರಿಸಿದ. ಮಾಸ್ತರರು ಹೊರಬರುವಷ್ಟರಲ್ಲಿ ಅಂಗಳದಲ್ಲಿ ಇನ್ನೂ ನಾಲ್ವರು ನಿಂತಿದ್ದರು. ಹನ್ನೊಂದಕ್ಕೆ ಇಪ್ಪತ್ತು ಜನ, ಮಧ್ಯಾಹ್ನದ ಹೊತ್ತಿಗೆ ಎಣಿಸಲಾಗದಷ್ಟು. ಸಾವಿನ ಮನೆಗೆ ಊಟ ಒಯ್ಯುವ ಪದ್ಧತಿಯಂತೆ ಎಲ್ಲರೂ ಏನಾದರೂ ತಂದಿದ್ದರು, ಎಲ್ಲವೂ ಕರುಳು ಬೇನೆಯವರ ಊಟ: ಮೆತ್ತಗಿನ ಅನ್ನ, ಗಂಜಿ, ಮಾಗಿದ ಬಾಳೆಹಣ್ಣು. ಖಾರದ ಚಟ್ನಿಯ ಸುಳಿವೇ ಇರಲಿಲ್ಲ. ಹಿತ್ತಲಿನ ಒಂದೇ ಸಂಡಾಸಿನ ಮುಂದೆ ಸಾಲು ನಿಂತಿತು, ಪಕ್ಕದ ಮನೆಯವರು ತಮ್ಮದರ ಬಾಗಿಲನ್ನೂ ತೆರೆದುಕೊಟ್ಟರು. ಸಾಲಿನಲ್ಲಿ ನಿಂತವರು ಒಬ್ಬರನ್ನೊಬ್ಬರು ಮೊದಲ ಸಲ ನೋಡುತ್ತಿದ್ದರು. ಯಾರ ಮುಂದೂ ಹೇಳದ ಸಂಗತಿಯನ್ನು ಇಲ್ಲಿ ಹೇಳಬೇಕಾದ ಅಗತ್ಯವೇ ಇರಲಿಲ್ಲ.

“ಸಿಸ್ಟರ್ ಹ್ವಾದ ಸುದ್ದಿ ಎರಡ ವರ್ಷದ ಹಿಂದ ಪೇಪರಿನ್ಯಾಗ ಓದಿದ್ವಿರಿ,” ಎಂದರು ಮಾಸ್ತರರು ಕಣ್ಣೊರೆಸಿಕೊಳ್ಳುತ್ತಾ. “ಆದ್ರ ಸಂಜಿ ಏಳಕ್ಕ ಮಾತಾಡಿದ್ರಲ್ಲ. ಪೇಪರಿನವರ ಸುಳ್ಳ ಬರದಾರ ಅಂದ್ಕೊಂಡೆ.”

ಅಷ್ಟರಲ್ಲಿ ನರಗುಂದದಿಂದ ಬಂದ ವಯಸ್ಸಾದ ಹೆಂಗಸೊಬ್ಬಳು, ಹುಸೇನಬಿ ಎಂದು ಹೆಸರು, ದಾನಿಯೇಲನನ್ನು ಕಣ್ಣು ಕಿರಿದು ಮಾಡಿ ನೋಡಿದಳು. ಅವಳ ದನಿ ಅವನಿಗೆ ಗೊತ್ತಿತ್ತು. ಶುಕ್ರವಾರ ಆ ಕಟ್ಟಿನಲ್ಲಿ ಕೇಳಿದ್ದ.

“ನೀವ ಏನ್ರಿ ಆ ದಾನಿ?” ಎಂದಳು. “ಚಾಕ್ಕ ಸಕ್ಕರಿ ಹಾಕೂದ ಮರೆಯಾಂವ?”

ದಾನಿಯೇಲ ಹೌದೆಂದು ತಲೆಯಾಡಿಸಿದ.

“ನಮ್ಮ ಮನಿಗೆ ಆರ ಸಲ ಬಂದಾರ್ರಿ ಸಿಸ್ಟರ್. ಔಷಧದ ಮಾತ ಹತ್ತ ಮಿನಿಟು. ಆಮ್ಯಾಲ ಚಾ ಕುಡಕೋತ ಬರೇ ನಿಮ್ಮ ಸುದ್ದಿ. ನಮ್ಮ ದಾನಿ ಹಂಗ, ನಮ್ಮ ದಾನಿ ಹಿಂಗ. ಇನ್ನೊಂದ ಗಳಿಗಿ ಕೂಡ್ರಿ ಅಂದ್ರ, ಬ್ಯಾಡವ್ವಾ, ನಾ ಹೋಗೂತನಾ ಆಂವ ಒಬ್ಬನ ಉಣ್ಣಂಗಿಲ್ಲ, ಹಸಕೊಂಡ ಕುಂತಿರತಾನ ಅಂತ ಓಡತಿದ್ರು ಬಸ್ಸಿಗೆ.”

“ನಮ್ಮ ಮನ್ಯಾಗೂ ಹಂಗ,” ಎಂದರು ಸಾಲಿನಿಂದ ಯಾರೋ. “ದಾನಿ ಹಾಡಿದ್ರ ಚರ್ಚಿನ್ಯಾಗ ಎಲ್ಲಾರೂ ತಪ್ಪತಾರ ಅಂತಿದ್ರು.”

ಅಂಗಳದಲ್ಲಿ ನಗು ಎದ್ದಿತು, ಅಳುವವರೂ ನಕ್ಕರು. ಹದಿನೆಂಟು ಸಾವಿರ ಕರೆಗಳಲ್ಲಿ ಒಮ್ಮೆಯೂ ಇಲ್ಲದ ಅವನ ಹೆಸರು ಅವಳು ನಡೆದುಹೋದ ಮನೆಗಳಲ್ಲೆಲ್ಲಾ ಇತ್ತು. ದಾನಿಯೇಲ ಕಟ್ಟೆಯ ಮೇಲೆ ಕುಸಿದು ಕೂತ. ಎರಡು ವರ್ಷದ ಅಳು ಒಮ್ಮೆಗೇ ಬಂತು, ಮಕ್ಕಳು ಅಳುವಂತೆ ಬಾಯಿ ತೆರೆದು ಅತ್ತ. ಯಾರೂ ಅವನನ್ನು ಸುಮ್ಮನಿರು ಅನ್ನಲಿಲ್ಲ. ಹುಸೇನಬಿ ಪಕ್ಕದಲ್ಲಿ ಕೂತು, ಡಬ್ಬಿ ಬಿಚ್ಚಿ, ತಟ್ಟೆಗೆ ಅನ್ನ ಹಾಕಿ ಮೊಸರು ಕಲಸಿದಳು.

“ಉಣ್ರಿ,” ಎಂದಳು. “ಆಕಿ ಬರಂಗಿಲ್ಲರೀ ಇನ್ನ. ಉಣ್ರಿ.”

ಅವನು ಉಂಡ.